ಎಂಟು ಸ್ಯಾಂಪಲ್ ತುಂಬುವವರೆಗೆ

ಮಂಗಳವಾರ, ಲ್ಯಾಬಿನಿಂದ

ಅಕ್ಕಾ,

ನನ್ನ ಅಕ್ಷರ ನೋಡಿದ ಕೂಡಲೇ ಹರಿಯಬೇಡ. ಓದಿ ಆಮೇಲೆ ಹರಿ. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಮಗಳು ಚಿನಕುರುಳಿ ಹೋಗಿ ಇವತ್ತಿಗೆ ಇಪ್ಪತ್ತು ದಿನ. ಅವತ್ತು ಬಾಗಿಲಿಗೆ ಬಂದ ನನ್ನನ್ನು ಭಾವ ಒಳಗೆ ಕರೆಯಲಿಲ್ಲ. ಅವರದು ತಪ್ಪು ಎನ್ನುತ್ತಿಲ್ಲ.

ನಾಲ್ಕು ವರ್ಷದ ಹಿಂದೆ ಎಲ್ಲರೆದುರು ನೀನು ಅಂದದ್ದು ನೆನಪಿದೆಯಾ? ತಿಂಗಳ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ್ದೆ. ದಿನಾ ಕಂಡವರ ರಕ್ತ ಮುಟ್ಟೋ ಕೈ, ನನ್ ಮಗೂನ ಮುಟ್ಟಬೇಡ ಕಣೇ ಅಂದೆ. ನಿನ್ನ ಅತ್ತೆ ಕಿಸಕ್ಕನೆ ನಕ್ಕರು. ಅವತ್ತು ಮಾತು ಬಿಟ್ಟೆವು. ಕೊನೆಗೆ ಅದೇ ಮಗುವಿನ ರಕ್ತ ಇದೇ ಕೈಗೆ ಬಂತು ನೋಡು.

ಇಲ್ಲಿನ ಕೆಲಸ ನಿನಗೆ ಗೊತ್ತಿಲ್ಲ. ರಕ್ತದ ಕ್ಯಾನ್ಸರ್ ಎಂಬುದನ್ನು ಮೈಕ್ರೋಸ್ಕೋಪೇ ಹೇಳಿಬಿಡುತ್ತದೆ. ಯಾವ ಜೀನ್ ಕೆಟ್ಟು ಬಂದದ್ದು ಎಂದು ಹೇಳುವುದು ನಮ್ಮ ಯಂತ್ರ; ಜೀನುಗಳನ್ನು ಅಕ್ಷರ ಬಿಡದೆ ಓದುತ್ತದೆ. ಒಂದು ಸಲಕ್ಕೆ ಎಂಟು ಮಕ್ಕಳ ಸ್ಯಾಂಪಲ್. ಎಂಟು ತುಂಬುವ ಮೊದಲು ಓಡಿಸಬೇಕಾದರೆ ಇನ್‌ಚಾರ್ಜ್ ಸಹಿ ಬೇಕು. ಚಿನಕುರುಳಿಯದು ಐದನೆಯದು.

ಸ್ಯಾಂಪಲ್ ಬಂದ ಮೂರನೇ ದಿನ ನೀನೇ ಫೋನ್ ಮಾಡಿದೆ. ನಿನ್ ಲ್ಯಾಬಿಗೇ ಬಂದಿದೆಯಂತೆ, ಸ್ವಲ್ಪ ಬೇಗ ಮಾಡಿಸೇ ಎಂದು ಅಳುತ್ತಾ ಕೇಳಿದೆ. ಆ ದನಿ ಕೇಳಿ ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಈಗ ಬಂದ್ಯಾ ದಾರಿಗೆ ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅಂದುಕೊಂಡದ್ದು ನಿಜ. ಇನ್‌ಚಾರ್ಜ್ ಒಪ್ಪಲಿಲ್ಲ ಎಂದು ಸಂಜೆ ನಿನಗೆ ತಿಳಿಸಿದೆ.

ಎಂಟು ತುಂಬಿ ರಿಪೋರ್ಟ್ ಬರುವ ಹೊತ್ತಿಗೆ ಹದಿನಾಲ್ಕು ದಿನವಾಗಿತ್ತು. ಆ ಜೀನಿಗೆಂದೇ ಒಂದು ಮಾತ್ರೆ ಇತ್ತು. ಡಾಕ್ಟರು ಅವತ್ತೇ ಶುರುಮಾಡಿದರು. ಅಷ್ಟರಲ್ಲಿ ಮಾಮೂಲಿ ಔಷಧಿಗೆ ರೋಗ ಜಗ್ಗದೆ ಮಗುವೇ ಸೋತಿತ್ತು, ಸೋಂಕು ಬೇರೆ ಹತ್ತಿತ್ತು. ಆರು ದಿನಕ್ಕೆ ಎಲ್ಲ ಮುಗಿಯಿತು. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಉಳೀಬಹುದಿತ್ತೇನೋ ಅಂದು ಅವರು ಎದ್ದು ಹೋದರು.

ನೀನು ಇನ್‌ಚಾರ್ಜ್ ಮೇಲೆ ದೂರು ಕೊಟ್ಟಿದ್ದೀಯಂತೆ. ಶುಕ್ರವಾರ ವಿಚಾರಣೆ, ಅವರ ಕೆಲಸವೇ ಹೋಗಬಹುದು. ದೂರು ವಾಪಸ್ ತಗೋ ಅಕ್ಕಾ. ಪಾಪದ ಮನುಷ್ಯ, ನಿಯಮ ಪಾಲಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

ನಿನ್ನ ತಂಗಿ

ತಾ.ಕ.: ಕವರ್ ಅಂಟಿಸಿ ಮತ್ತೆ ಬಿಚ್ಚಿದೆ. ನಿನ್ನೆ ಇನ್‌ಚಾರ್ಜ್ ನನ್ನ ಮೇಜಿನ ಹತ್ತಿರ ಬಂದು, ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲಮ್ಮಾ, ಕೇಳಿದ್ರೆ ಅವತ್ತೇ ಸಹಿ ಹಾಕ್ತಿದ್ದೆ ಅಂದರು. ಅವರು ಹೇಳಿದ್ದು ನಿಜ. ನಿನ್ನ ಫೋನ್ ಬಂದ ದಿನ ನಾನು ಅವರ ಕೋಣೆಗೆ ಹೋಗಲೇ ಇಲ್ಲ. ನೀನೂ ಸ್ವಲ್ಪ ಕಾಯಲಿ ಅನ್ನಿಸಿತ್ತು. ದೂರು ವಾಪಸ್ ತಗೋಬೇಡ. ಅದರಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರಿ.