ಬಾವಿ ಕಡೆಗಿದ್ದ ಬಾಗಿಲು

ಪ್ರೀತಿಯ ಸಿಸ್ಟರ್ ಸೆವ್ರಿನ್ ಅವರಿಗೆ,

ಹುಲ್ಲಹಳ್ಳಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡೆಯಬೇಕಾದ ಊರಿನ, ಗೋವಿಂದಮ್ಮನ ಮಗಳು ಇಂದ್ರಾಣಿ ಬರೆಯುತ್ತಿದ್ದೇನೆ. ನಿಮ್ಮ ಕಣ್ಣು ಮಂಜಾಗಿದೆಯಂತೆ, ಮೈಸೂರಿನ ಕಾನ್ವೆಂಟಿನಲ್ಲಿ ಒಬ್ಬರು ಚಿಕ್ಕ ಸಿಸ್ಟರ್ ನಿಮಗೆ ಬಂದ ಕಾಗದಗಳನ್ನು ಓದಿ ಹೇಳುತ್ತಾರಂತೆ. ಓದುತ್ತಿರುವ ಸಿಸ್ಟರ್, ನಿಮಗೂ ನಮಸ್ಕಾರ. ನಡುವೆ ಒಂದು ಕಡೆ ನಾನು ಮಾಡಿದ ತಪ್ಪೊಂದು ಬರುತ್ತದೆ. ಇವರಿಗೆ ನೋವಾದೀತೆಂದು ಅದನ್ನು ಹಾರಿಸಿ ಓದಬೇಡಿ. ಹದಿಮೂರು ವರ್ಷ ನಾನೇ ಹಾರಿಸಿಕೊಂಡು ಬಂದಿದ್ದೇನೆ, ಅಷ್ಟು ಸಾಕು.

ನೀವು ನಮ್ಮ ಕೇರಿಗೆ ಬಂದ ಮೊದಲ ತಿಂಗಳು ನನ್ನವ್ವ ನಿಮ್ಮನ್ನು ಬೈದದ್ದು ನಿಮಗೆ ಗೊತ್ತಿಲ್ಲ, ಈಗ ಹೇಳುತ್ತೇನೆ. 'ಈ ಸಿಸ್ಟ್ರು ಬರೀ ಕೈಲಿ ಬತ್ತದೆ, ಬರೀ ಕೈಲಿ ಓಯ್ತದೆ ಕಣವ್ವ. ಇದ್ಯಾವ ಸೀಮೆ ಸಮಾಜಸೇವೆ' ಎನ್ನುತ್ತಿದ್ದಳು. ಅವಳ ತಪ್ಪಲ್ಲ ಅದು. ನಿಮಗಿಂತ ಮುಂಚೆ ಬಂದವರೆಲ್ಲ ಏನಾದರೂ ಕೊಟ್ಟೇ ಹೋಗಿದ್ದರು. ಒಂದು ತಂಡ ಕಂಬಳಿ ಕೊಟ್ಟಿತ್ತು, ಇನ್ನೊಂದು ಹೊಲಿಗೆ ಯಂತ್ರ ಕೊಟ್ಟಿತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಬ್ಬರು ಸ್ಲೇಟಿನ ಮೇಲೆ ನಂಬರು ಬರೆದು ನನ್ನ ಕೈಗೆ ಕೊಟ್ಟು ಫೋಟೋ ಹಿಡಿದಿದ್ದರು. ಯಾವುದೋ ದೇಶದ ಒಬ್ಬ ತಾಯಿ ಅದನ್ನು ನೋಡಿ ನನಗೆ ಪೆನ್ಸಿಲ್ ಬಾಕ್ಸು ಕಳಿಸುತ್ತಾಳೆ ಎಂದರು. ನಾನು ನಕ್ಕೆ. 'ನಗಬೇಡ ಪುಟ್ಟಿ, ಹಾಗೇ ನಿಂತ್ಕೊ' ಎಂದರು. ಬಾಕ್ಸು ಬಂತು, ಚೆನ್ನಾಗಿಯೇ ಇತ್ತು. ನಗಬೇಡ ಎಂದದ್ದು ಮಾತ್ರ ಇನ್ನೂ ಮರೆತಿಲ್ಲ.

ನೀವು ಏನೂ ಕೊಡಲಿಲ್ಲ. ಊರ ಗೌಡರಾದ ಬೆಟ್ಟಯ್ಯನವರ, ನಮ್ಮ ಕೇರಿಗೆ ಬೆನ್ನು ಹಾಕಿದ್ದ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದು, ಬೆಳಗಾದರೆ ನಮ್ಮ ಜಗಲಿಗಳ ಮೇಲೆ ಬಂದು ಕೂರುತ್ತಿದ್ದಿರಿ. ಹೆಂಗಸರು ಇಲ್ಲದ್ದನ್ನೆಲ್ಲ ಪಟ್ಟಿ ಒಪ್ಪಿಸುತ್ತಿದ್ದರು. ಮನೆಗೆ ಸೂರಿಲ್ಲ, ಬೋರಿನಲ್ಲಿ ನೀರಿಲ್ಲ, ಗಂಡನಿಗೆ ಬುದ್ಧಿ ಇಲ್ಲ. ನೀವು ಎಲ್ಲ ಕೇಳಿಸಿಕೊಂಡು, ನಿಮ್ಮ ಮಂಗಳೂರು ಕನ್ನಡದಲ್ಲಿ 'ಇಲ್ಲದ್ದು ಗೊತ್ತಾಯ್ತು ಮಾರಾಯ್ತಿ, ಇನ್ನು ಎಂತ ಉಂಟು ಅಂತ ಹೇಳಿ' ಎನ್ನುತ್ತಿದ್ದಿರಿ. ಕೇರಿಯವರು ನಿಮ್ಮನ್ನು ಹಿಂದಿನಿಂದ 'ಎಂತ ಉಂಟು ಸಿಸ್ಟ್ರು' ಎಂದೇ ಕರೆಯುತ್ತಿದ್ದರು. ಇದೂ ನಿಮಗೆ ಗೊತ್ತಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ನೀವು ರಂಗೋಲಿ ಪುಡಿಯ ಡಬ್ಬ ತಂದು, ನಮ್ಮ ಬೀದಿಯ ನೆಲದ ಮೇಲೆ ಊರನ್ನು ಬರೆಯಿರಿ ಎಂದಿರಿ. ಹೆಂಗಸರಿಗೆ ಹುರುಪು ಬಂತು. ದೇವಸ್ಥಾನ ಬರೆದರು, ಹಾಲಿನ ಡೈರಿ, ಸ್ಕೂಲು, ಅರಳಿಕಟ್ಟೆ, ನಾಲೆ ಬರೆದರು. ಬೆಟ್ಟಯ್ಯನವರ ತೊಟ್ಟಿ ಮನೆಗೆ ಕಂಬಗಳನ್ನೂ ಬಿಡದೆ ಬರೆದರು. ಪುಡಿ ಮುಗಿಯುತ್ತಾ ಬಂದಾಗ ಅವ್ವ ಕೈ ಕೊಡವಿ 'ಇಷ್ಟೇಯ ನಮ್ಮೂರು' ಎಂದಳು. ನೀವು ಸುತ್ತ ಒಂದು ಸಲ ನಡೆದು ನೋಡಿ, ಮೆಲ್ಲಗೆ ಕೇಳಿದಿರಿ: 'ನಾವು ಈಗ ನಿಂತ ಜಾಗ ಇದರಲ್ಲಿ ಎಲ್ಲಿ ಉಂಟು?'

ಇಪ್ಪತ್ತು ಹೆಂಗಸರಿದ್ದೆವು. ನಾನು ನಂಜನಗೂಡಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು, ನಾನೂ ಅಲ್ಲೇ ಕೂತು ಗೆರೆ ಎಳೆದವಳು. ನಮ್ಮ ಕೇರಿಯ ಒಂದು ಮನೆಯೂ ನಕ್ಷೆಯಲ್ಲಿರಲಿಲ್ಲ. ಯಾರೂ ಬಿಡಬೇಕೆಂದು ಬಿಟ್ಟಿರಲಿಲ್ಲ, ನೆನಪೇ ಆಗಿರಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಆ ಹೊತ್ತು ಅನುಭವಿಸಿದ ನಾಚಿಕೆಯನ್ನು ಇವತ್ತಿಗೂ ಯಾರಿಗೂ ಸರಿಯಾಗಿ ಹೇಳಲು ಆಗಿಲ್ಲ. ನೀವು ಭಾಷಣ ಮಾಡಲಿಲ್ಲ. ಇನ್ನೊಂದು ಡಬ್ಬ ಪುಡಿ ತರಲು ಹೋದಿರಿ.

ಎರಡನೇ ಸಲ ಬರೆದಾಗಲೇ ಹೂತುಹೋಗಿದ್ದ ನಮ್ಮ ಕೇರಿಯ ಬಾವಿ ನೆಲದ ಮೇಲೆ ಒಂದು ಸೊನ್ನೆಯಾಗಿ ಮೂಡಿತು. ನನ್ನಪ್ಪ ಪುಟ್ಟಬಸವಯ್ಯ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಬಾವಿ ತೋಡಿಕೊಟ್ಟವನು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಅವನ ಕೇರಿಯ ಬಾವಿಯ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ. ನೀವು ಕೇಳಿದಿರಿ. ಅವನು ಆ ಸೊನ್ನೆಯ ಪಕ್ಕ ಕುಕ್ಕರಗಾಲಲ್ಲಿ ಕೂತು 'ಅದು ಸತ್ತಿಲ್ಲ ಸಿಸ್ಟ್ರೆ, ಉಸ್ರು ಕಟ್ಕಂಡದೆ ಅಷ್ಟೆ. ತಳದಲ್ಲಿ ಸೆಲೆ ಅದೆ' ಎಂದ. ಆ ಬೇಸಿಗೆಯೆಲ್ಲ ನಾವು ಹೂಳು ಹೊತ್ತೆವು. ನೀವು ಬೂದು ಸೀರೆಯನ್ನು ಎತ್ತಿ ಕಟ್ಟಿ ಬಾಂಡ್ಲಿ ದಾಟಿಸುವ ಸಾಲಿನಲ್ಲಿ ನಿಂತಿರಿ. ನಲವತ್ತನೇ ದಿನಕ್ಕೆ ನೀರು ಬಂತು.

ಆಗೊಮ್ಮೆ ನಾನೇ ಕೇಳಿದ್ದೆ, ಸಿಸ್ಟರ್, ನೀವ್ಯಾಕೆ ನಮಗೆ ನಿಮ್ಮ ದೇವರ ವಿಷಯ ಹೇಳುವುದಿಲ್ಲ ಎಂದು. ನೀವು ಅವನನ್ನು ಬಚ್ಚಿಟ್ಟವರೂ ಅಲ್ಲ, ಬೆಳಿಗ್ಗೆ ಕಿಟಕಿ ತೆರೆದುಕೊಂಡೇ ಮೊಣಕಾಲೂರುತ್ತಿದ್ದಿರಿ. ನೀವಂದಿರಿ: 'ಮೊದಲು ನಾನು ಬಡವರಲ್ಲಿಗೆ ದೇವರನ್ನು ಕೊಂಡು ಹೋಗುವವಳು ಅಂತ ಎಣಿಸಿದ್ದೆ. ಬಂದು ನೋಡಿದರೆ ಅವನು ನನಗಿಂತ ಮೊದಲೇ ಬಂದು ಕೂತಿದ್ದಾನೆ. ಹಾಗೆ ನಾನು ಈಗ ಬರೀ ನೋಡ್ಲಿಕ್ಕೆ ಬರುವುದು.' ಬುದ್ಧನ ಪಟಕ್ಕೆ ಮಾತ್ರ ಕೈ ಮುಗಿಯುತ್ತಿದ್ದ ಅಪ್ಪ ಸುಮ್ಮನಿದ್ದಾನೆಯೇ. 'ದೇವ್ರು ಗೀವ್ರು ಕಾಣೆ ಸಿಸ್ಟ್ರೆ, ಇಲ್ಲಿ ಮನ್ಸ ಅವ್ನೆ' ಎಂದ. 'ಆಯ್ತು, ಇಬ್ಬರೂ ಅವನನ್ನೇ ನೋಡುವ' ಎಂದು ನೀವು ನಕ್ಕಿರಿ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಕೊನೆಯವರೆಗೂ ಆ ಮಾತನ್ನು ಹೇಳಿಕೊಂಡು ನಗುತ್ತಿದ್ದ.

ಈಗ ನನ್ನ ತಪ್ಪು.

ಬಾವಿಗೆ ಪೂಜೆ ಮಾಡಿ, ಸ್ಕೂಲಿನ ಮೈದಾನದಲ್ಲಿ ಸಭೆ ಇಟ್ಟಿದ್ದರು. ಪಂಚಾಯ್ತಿಯವರು, ನಂಜನಗೂಡಿನ ಆಫೀಸರುಗಳು ಬರುವವರಿದ್ದರು. ವರದಿ ಓದುವ ಕೆಲಸ ನನ್ನದು. ಹಿಂದಿನ ದಿನ ನಮ್ಮ ಕೇರಿಯವರೇ ಆದ ಪಂಚಾಯ್ತಿ ಮೆಂಬರ್ ಚಂದ್ರಶೇಖರಣ್ಣ ಬಂದು ವರದಿ ಇಸ್ಕೊಂಡು ಓದಿದರು. 'ಸಿಸ್ಟ್ರು ಎಸ್ರು ತಗುದ್ಬುಡವ್ವ. ಮತಾಂತರ ಅಂತ ಒಬ್ಬ ಬಾಯ್ಬುಟ್ರೆ ಸಾಕು, ಬಾವಿ ಕತೆ ಅಲ್ಲೇ ಮುಗಿತು. ನಾಳೆ ನಿಂಗೂ ಕೆಲ್ಸ ಸಿಗ್ಬೇಕಲ್ವಾ' ಎಂದರು. ಅವರು ಕೆಟ್ಟವರಲ್ಲ, ಅಂಥ ಮಾತು ಊರಿನಲ್ಲಿ ಆಗಲೇ ಓಡಾಡುತ್ತಿತ್ತು. ನಾನು ಒಂದು ಸಾಲಿನ ಮೇಲೆ ಅಡ್ಡ ಗೆರೆ ಎಳೆದೆ. ಮಾರನೇ ದಿನ ಹೂಳಿನ ಲೆಕ್ಕದಿಂದ ಹಿಡಿದು ಬಾಂಡ್ಲಿ ಕೊಟ್ಟವರ ಹೆಸರಿನವರೆಗೆ ಎಲ್ಲ ಓದಿದೆ. ನೀವು ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದಿರಿ. ನಾನು ಓದಿ ಮುಗಿಸಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಿರಿ. ಆಮೇಲೆ ಹತ್ತಿರ ಬಂದು 'ಚಂದ ಓದಿದಿ' ಎಂದಿರಿ. ಬೈದಿದ್ದರೆ ಅಂದೇ ಕಾಲು ಹಿಡಿದುಬಿಡುತ್ತಿದ್ದೆ.

ಮೂರು ತಿಂಗಳಿಗೆ ನಿಮಗೆ ಬೇರೆ ಕಡೆ ಹೋಗಲು ಅಪ್ಪಣೆಯಾಯಿತು. ಕೇರಿಯ ಹೆಂಗಸರೆಲ್ಲ ಬಸ್ಸಿನವರೆಗೆ ಬಂದರು. ನಾನು ತಲೆನೋವು ಎಂದು ಮನೆಯಲ್ಲೇ ಮಲಗಿದ್ದೆ. ತಲೆ ನೋಯುತ್ತಿರಲಿಲ್ಲ.

ನನಗೆ ಕೆಲಸ ಸಿಕ್ಕಿತು ಸಿಸ್ಟರ್, ಅದೂ ನಿಮ್ಮದೇ ಕೆಲಸ. ಈಗ ಟಿ. ನರಸೀಪುರದಲ್ಲಿ ಒಂದು ಸಂಸ್ಥೆಯಲ್ಲಿದ್ದೇನೆ. ಹೊಸಬರು ಟ್ಯಾಬ್ ಹಿಡಿದು ಬರುತ್ತಾರೆ. ಅದರಲ್ಲಿ ನಲವತ್ತು ಪ್ರಶ್ನೆ, ನಲವತ್ತೂ ಇಲ್ಲದ್ದರ ಮೇಲೆ. ಬಡತನಕ್ಕೆ ಅಂಕ ಬರುತ್ತದಂತೆ. ಮೊದಲು ಇದನ್ನು ಚೀಲದಲ್ಲಿಟ್ಟು ಜಗಲಿ ಮೇಲೆ ಕೂರಿ ಎಂದು ಅವರಿಗೆ ಹೇಳುತ್ತೇನೆ. ರಂಗೋಲಿ ನಕ್ಷೆಯ ಕತೆಯನ್ನೂ ಹೇಳುತ್ತೇನೆ. ಹೇಳುವಾಗ 'ಒಬ್ಬರು ಬಂದಿದ್ದರು' ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ನಮ್ಮ ಮನೆಗಳನ್ನು ನಾವೇ ಬಿಟ್ಟದ್ದು ಮರೆವಿನಿಂದ. ನಿಮ್ಮನ್ನು ನಾನು ಬಿಟ್ಟದ್ದು ಗೊತ್ತಿದ್ದೇ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಕೇರಿಯ ಸಮುದಾಯ ಭವನದ ಗೋಡೆಗೆ ಊರಿನ ನಕ್ಷೆ ಬರೆಸುವವರಿದ್ದರು, ಅದಕ್ಕೆ ಮೊದಲು ನೆಲದ ಮೇಲೆ ಬರೆದು ನೋಡಬೇಕಿತ್ತು. ಅಣ್ಣ ರಾಹುಲನ ಮಗಳು ಮಧುಶ್ರೀ ಮತ್ತು ಅವಳ ಜೊತೆಯವರು ಪುಡಿ ಹಿಡಿದರು. ನೀವು ನೋಡಬೇಕಿತ್ತು. ಮೊದಲು ನಮ್ಮ ಕೇರಿ, ಅರ್ಧ ಊರಿನಷ್ಟು. ಬೆಟ್ಟಯ್ಯನವರ ತೊಟ್ಟಿ ಮನೆ ಬೆಂಕಿಪೊಟ್ಟಣದಷ್ಟಾಗಿ ಮೂಲೆಗೆ ಸೇರಿತ್ತು. ನೋಡಲು ಬಂದಿದ್ದ ಅವರ ಹೆಂಡತಿ ಪುಟ್ಟಗೌರಮ್ಮ 'ನಮ್ಗೂ ಒಸಿ ಜಾಗ ಬುಡ್ರವ್ವ' ಎಂದು ನಕ್ಕರು. ಅಷ್ಟರಲ್ಲಿ ಅವ್ವ ಕೋಲಿನಿಂದ ತೋರಿಸಿ ಕೇಳಿದಳು: 'ಎಂತ ಉಂಟು ಸಿಸ್ಟ್ರು ರೂಮೆಲ್ಲಿ?'

ನಾನು ಮಧುಶ್ರೀಯ ಕೈಯಿಂದ ಡಬ್ಬ ತೆಗೆದುಕೊಂಡು ಕೊಟ್ಟಿಗೆಯ ಪಕ್ಕ ಚೌಕ ಎಳೆದು, ಬೆಟ್ಟಯ್ಯನವರ ಮನೆ ಕಡೆಗೆ ಒಂದು ಬಾಗಿಲು ಬರೆದೆ. ಚಂದ್ರಶೇಖರಣ್ಣ ಅಲ್ಲೇ ನಿಂತಿದ್ದರು, ತಲೆ ಪೂರಾ ನರೆತಿದೆ. 'ಅದು ಬಿದ್ದೋಗಿ ಏಟೋ ವರ್ಸಾಯ್ತು. ಈಗ್ಯಾಕದು' ಎಂದರು. ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: 'ಅವತ್ತು ಅವ್ರೆಸ್ರು ಓದ್ನಿಲ್ಲ ನಾನು, ಗೊತ್ತಿದ್ದೂ ಬುಟ್ಟೆ. ನೀವೇಳುದ್ರಿ ನಿಜ ಅಣ್ಣ, ಪೆನ್ನು ನನ್ ಕೈಲೇ ಇತ್ತು. ಅವ್ರು ನಮ್ಮನ್ನ ಯಾವ್ ದೇವ್ರಿಗೂ ಕರೀನಿಲ್ಲ. ಕರದ್ರು ಅಂತ ಯಾರಾರ ಅಂದ್ರೆ ನನ್ನ ಕೇಳಿ ಅನ್ನಿ.'

ಚಂದ್ರಶೇಖರಣ್ಣ ಆ ಚೌಕವನ್ನು ಬಗ್ಗಿ ನೋಡಿದರು. ಆಮೇಲೆ ಪಂಚೆ ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತು, ನಾನು ಬರೆದಿದ್ದ ಬಾಗಿಲನ್ನು ಅಂಗೈಯಲ್ಲಿ ಒರೆಸಿದರು. 'ತಪ್ಪು ಬರ್ದಿದೀಯ ಕಣವ್ವ' ಎಂದರು. 'ಬಾಗ್ಲು ಆ ಕಡೀಕ್ಕಲ್ಲ, ನಮ್ ಬಾವಿ ಕಡೀಕಿತ್ತು. ಬೆಟ್ಟಯ್ಯ ಗೋಡೆ ಒಡೆಯಕ್ ಬುಡಲ್ಲ ಅಂತಿದ್ರು, ಆಯಮ್ಮ ಅಟ ಮಾಡಿ ಒಡ್ಸುದ್ರು. ಆ ಬಾಗ್ಲು ಕೂರ್ಸುದವ್ನು ನಾನೇಯ.' ಡಬ್ಬ ಇಸ್ಕೊಂಡು ಅವರೇ ಬಾಗಿಲು ಬರೆದರು.

ಗೋಡೆಗೆ ಬಣ್ಣ ಬಳಿದಾಗಿದೆ. ನಿಮ್ಮ ಕೋಣೆ ಹಳದಿ ಬಣ್ಣದಲ್ಲಿದೆ, ಬಾಗಿಲು ಬಾವಿ ಕಡೆಗಿದೆ. ಅಂದು ನಾನು ಹೊಡೆದು ಹಾಕಿದ ಸಾಲನ್ನು ಓದುತ್ತಿರುವ ಚಿಕ್ಕ ಸಿಸ್ಟರ್ ಸ್ವಲ್ಪ ಗಟ್ಟಿಯಾಗಿ ಓದಲಿ: 'ನಮ್ಮಲ್ಲಿ ಏನಿದೆ ಎಂದು ನಮ್ಮನ್ನು ಮೊದಲ ಸಲ ಕೇಳಿದವರು ಸಿಸ್ಟರ್ ಸೆವ್ರಿನ್.'

ನಿಮ್ಮ ಕಣ್ಣಿನ ಮಂಜು ಸರಿಯಲಿ ಎಂದು ಅವ್ವ ಹರಸಿದ್ದಾಳೆ. ವಯಸ್ಸಿನಲ್ಲಿ ತಾನೇ ಒಂದು ವರ್ಷಕ್ಕೆ ದೊಡ್ಡವಳು, ಹರಸಬಹುದು ಎನ್ನುತ್ತಾಳೆ. ಬರುವ ಭಾನುವಾರ ಒಂದು ಕ್ಯಾನು ಬಾವಿ ನೀರು ಹಿಡಿದು ನಾನೇ ಬರುತ್ತೇನೆ. ಈ ಸಲ ತಲೆನೋವು ಬರುವುದಿಲ್ಲ.

ಆ ಬಾವಿಯ ಹೂಳು ಹೊತ್ತ,
ನಿಮ್ಮ ಇಂದ್ರಾಣಿ