ಚಿಪ್ಪಿನಲ್ಲಿ ಇಟ್ಟುಹೋದ ಎರಡು ಪೈರು

ಅವ್ವಾ,

ನಾನು ನಿಂಗಿ. ನಿನಗೆ ಓದಲು ಬರುತ್ತಿರಲಿಲ್ಲ ಅನ್ನುವುದನ್ನು ಮರೆತು ಈ ಕಾಗದ ಬರೆಯುತ್ತಿಲ್ಲ. ನೀನು ಈಗ ಇರುವ ಕಡೆ ಯಾರಾದರೂ ಓದಿ ಹೇಳುತ್ತಾರೋ ಏನೋ. ಹೇಳದಿದ್ದರೂ ಚಿಂತೆಯಿಲ್ಲ. ಕಾಗದದ ಮೇಲೆ ಏನಿದೆ ಅನ್ನುವುದನ್ನು ಓದು ಬಲ್ಲವರಿಗಿಂತ ಸರಿಯಾಗಿ ನೀನು ಒಂದು ಸಲ ಕಂಡಿದ್ದೆ. ಆ ಮಾತಿಗೇ ಬರಬೇಕು. ಸ್ವಲ್ಪ ಬಳಸಿಕೊಂಡು ಬರುತ್ತೇನೆ, ರೇಗಬೇಡ. ನೇರವಾಗಿ ಹೇಳುವ ಧೈರ್ಯ ನಿನ್ನ ಮಗಳಿಗೆ ಹದಿನಾಲ್ಕು ವರ್ಷದಿಂದ ಬಂದಿಲ್ಲ.

ಕಾಡಿನ ಕಡೆಯ ನಮ್ಮ ಹೊಲ ನೆನಪಿದೆಯಾ? ವೀರನಹೊಸಹಳ್ಳಿಗೇ ಅದು ಕೊನೆಯದು, ಬದು ದಾಟಿದರೆ ಬರೀ ಮರ. ಶ್ರಾವಣದ ತುಂತುರಿನಲ್ಲಿ, ರಾಗಿ ಪೈರು ಇನ್ನೂ ಬೆರಳುದ್ದ ಇರುವಾಗ, ನೀವೆಲ್ಲ ಸಾಲು ಹಿಡಿದು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಿರಿ. ನಿನ್ನ ಪಕ್ಕದ ಸಾಲು ಯಾವಾಗಲೂ ನಿನ್ನ ಗೆಳತಿ ಕೆಂಪಮ್ಮನದು, ಅವಳ ಪಕ್ಕದ್ದು ನನ್ನದು. ಬೆಳಗಿನ ಮಂಜಿನಲ್ಲಿ ನಿಮ್ಮಿಬ್ಬರ ಬೆನ್ನು ಮುಂದೆ ಮುಂದೆ ಹೋಗಿ ಮಸುಕಾಗುತ್ತಿತ್ತು. ನಾನು ಸಾಸಿವೆಗಿಂತ ಒಂದಿಷ್ಟು ದೊಡ್ಡದಾದ ಒಂದು ನೀಲಿ ಹೂವಿನ ಮುಂದೆ ಕೂತುಬಿಟ್ಟಿರುತ್ತಿದ್ದೆ. ಅದರೊಳಗೆ ಯಾರೋ ಸೂಜಿಯಿಂದ ಇಟ್ಟಂಥ ಹಳದಿ ಚುಕ್ಕೆ.

"ಏ ನಿಂಗಿ, ನಿನ್ ಸಾಲು ಇಂದಕ್ಕೆ ಬಿತ್ತು ಕಣೆ! ಅದ್ರ ಮಕ ನೋಡ್ಕಂಡು ಕುಂತಿದ್ದೀಯಲ್ಲ, ಮದ್ವೆ ಮಾಡ್ಕಂಡೀಯಾ?" ಅನ್ನುತ್ತಿದ್ದೆ ನೀನು. ಕೆಂಪಮ್ಮ ಕೆಮ್ಮು ಬರುವಷ್ಟು ನಗುತ್ತಿದ್ದಳು. ನಿನಗೆ ಹೂವು ನೋಡುವ ಪುರುಸೊತ್ತು ಎಲ್ಲಿತ್ತು? ರಾಗಿಯ ನಡುವೆ ರಾಗಿಯಂಥದ್ದೇ ಹುಲ್ಲು ಹುಟ್ಟುತ್ತದೆ. ಅದೇ ಎಲೆ, ಅದೇ ನಿಲುವು. ನಾವು ಹುಡುಗಿಯರು ತಡಕಾಡುವಾಗ ನಿನ್ನ ಎರಡು ಬೆರಳು ಹೋಗಿ ಅದರ ಬುಡವನ್ನೇ ಹಿಡಿದು ಎತ್ತಿರುತ್ತಿದ್ದವು. ನೀನು ಕೆಂಪಮ್ಮನ ಜೊತೆ ಮಾತಾಡುತ್ತಿರುವಾಗಲೂ ಆ ಬೆರಳು ತಪ್ಪುತ್ತಿರಲಿಲ್ಲ.

ದನದ ಕೊಟ್ಟಿಗೆಯ ಗೋಡೆಗೆ ನಾನು ಇದ್ದಿಲಿನಲ್ಲಿ ಆ ಕಳೆಗಳನ್ನೇ ಬರೆದಾಗ ಅಪ್ಪನಿಗೆ ದೂರು ಹೇಳಿದವಳೂ ನೀನೇ. "ಕಿತ್ತಾಕು ಅಂದ್ರೆ ಇವ್ಳು ಪಟ ಬರೀತಾವ್ಳೆ." ಆದರೆ ಗೌರಿ ಹಬ್ಬಕ್ಕೆ ಸುಣ್ಣ ಬಳಿದಾಗ ಅಷ್ಟು ಜಾಗ ಮಾತ್ರ ಬಿಟ್ಟು ಬಳಿದಿದ್ದೆ. ಕೇಳಿದರೆ, ಸುಣ್ಣ ಸಾಲಲಿಲ್ಲ ಅಂದೆ. ಮಡಕೆಯ ತಳದಲ್ಲಿ ಸುಣ್ಣ ಉಳಿದಿದ್ದನ್ನು ನಾನು ನೋಡಿದ್ದೆ.

ಟೀಚರಮ್ಮ ನಮ್ಮ ಮನೆಗೆ ಮಜ್ಜಿಗೆ ಕೇಳಿಕೊಂಡು ಬಂದ ಮಧ್ಯಾಹ್ನ ನಿನಗೆ ಮರೆತಿರಲಾರದು. ಹುಣಸೂರಿನಲ್ಲಿ ಮನೆ ಮಾಡಿಕೊಂಡಿದ್ದ, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರಾದ ಹೆಂಗಸು. ಪ್ರತಿ ಶ್ರಾವಣ ನಾಲ್ಕೈದು ಹುಡುಗಿಯರನ್ನು ಕಟ್ಟಿಕೊಂಡು ಕಾಡಂಚಿನ ಬಂಗಲೆಗೆ ಬಂದು ಹತ್ತು ದಿನ ಗಿಡಗಳ ಚಿತ್ರ ಬರೆಸುತ್ತಿದ್ದರು. ಊರಿನವರು ಅದಕ್ಕೆ 'ಹೂವಿನ ಕ್ಯಾಂಪು' ಅಂದು ನಗುತ್ತಿದ್ದರು. ಅವರು ಲೋಟ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಗೋಡೆ ನೋಡಿ, "ಇದನ್ನ ಬರೆದೋರು ಯಾರಮ್ಮಾ?" ಅಂದರು. ನೀನು ಹೆದರಿ, "ಅಳಿಸ್ಬುಡ್ತೀವಿ ಕಣ್ರವ್ವ" ಅಂದೆ!

ಈ ಹುಡುಗಿಯನ್ನೂ ಕ್ಯಾಂಪಿಗೆ ಕಳಿಸಿ ಅಂದರು ಟೀಚರಮ್ಮ, ಅಪ್ಪ ಒಪ್ಪಲಿಲ್ಲ. ಮಿರ್ಲೆಯ ಕಡೆ ಗಂಡು ನೋಡಿ ಬಂದಿದ್ದ. ಕಳೆ ಕೀಳುವ ಕಾಲದಲ್ಲಿ ಮನೆಯ ಆಳೊಂದು ಕಮ್ಮಿಯಾದರೆ ಹೇಗೆ ಅಂದ. ಆಗ ನೀನು ತಲೆ ಎತ್ತದೆ, ಮೊರದಲ್ಲಿ ರಾಗಿ ಕೇರುತ್ತಾ ಹೇಳಿದೆ: "ಅತ್ತು ದಿನ ತಾನೆ, ಓಗ್ಬರ್ಲಿ ಬುಡಿ. ಅವ್ಳ ಸಾಲ್ನೂ ನಾನೇ ಕೀಳ್ತೀನಿ."

ಆ ಹತ್ತು ದಿನ ಬಂಗಲೆಯಲ್ಲೇ ಉಳಿದಿದ್ದೆ, ನಾನು ನೆಲದ ಮೇಲೆ ನಡೆದ ನೆನಪಿಲ್ಲ ಅವ್ವಾ. ಮೊದಲ ದಿನ ಪೂರ್ತಿ ಕುಂಚ ಮುಟ್ಟಿಸಲಿಲ್ಲ, ಬರೀ ನೋಡುವುದು. ಒಂದು ಎಲೆಯನ್ನು ಬೆಳಗಿನಿಂದ ಸಂಜೆಯವರೆಗೆ! ಹಸಿರು ಅಂತ ಒಂದು ಬಣ್ಣವೇ ಇಲ್ಲ, ಹಳದಿ ನೀಲಿ ಸೇರಿಸಿ ಒಂದೊಂದು ಎಲೆಗೂ ಅದರದೇ ಹಸಿರು ಮಾಡಬೇಕು ಅಂದರು ಟೀಚರಮ್ಮ. ಬಿಳಿ ಬೇಕೆಂದರೆ ಬಳಿಯಬಾರದು, ಕಾಗದವನ್ನು ಹಾಗೇ ಬಿಡಬೇಕು. ನೀನು ಕೊಟ್ಟಿಗೆ ಗೋಡೆಯಲ್ಲಿ ಬಿಟ್ಟಿದ್ದೆಯಲ್ಲ, ಹಾಗೆ. ಹುಣಸೂರಿನ ಫಾತಿಮಾ ನನ್ನ ಪಕ್ಕ ಕೂರುತ್ತಿದ್ದಳು. ಅವಳ ಮನೆಯವರು ಗಾಡಿಗಳಿಗೆ ಬಣ್ಣ ಬಳಿಯುವ ಕಸುಬಿನವರು. ಅಳಿಲ ಬಾಲದ ಕೂದಲಿನಿಂದ ಅವಳ ತಾತ ಕಟ್ಟಿದ ಕುಂಚ ಒಂದನ್ನು ನನಗೆ ಕೊಟ್ಟಳು. ಒದ್ದೆ ಕಾಗದದ ಮೇಲೆ ಅದರ ತುದಿ ಸೋಕಿದರೆ ಬಣ್ಣ ತಾನಾಗಿ ಹರಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಕಿಟಕಿಯಾಚೆ ಕಾಡು, ಮಂಜು, ಎಲ್ಲೋ ಒಂದು ನವಿಲಿನ ಕೂಗು. ಅಲ್ಲಿಂದ ಒಂದು ಕೂಗಳತೆಯಲ್ಲಿ ನೀನು ಎರಡು ಸಾಲು ಕೀಳುತ್ತಿದ್ದೀಯ ಅನ್ನುವುದು ನನಗೆ ಒಂದು ಸಲವಾದರೂ...

ಐದನೆಯ ದಿನ ಟೀಚರಮ್ಮ, "ಎಲ್ಲರೂ ಒಂದೊಂದು ಪೈರಿನ ಎಳೆ ಗಿಡ ಬರೆಯಿರಿ, ಬೇರಿನ ಸಮೇತ" ಅಂದರು. ನಮ್ಮ ಸೀಮೆಯ ಪೈರುಗಳ ಒಂದು ಪುಸ್ತಕ ಮಾಡುವುದು ಅವರ ಬಹುದಿನದ ಆಸೆ. ನಾನು ಆಗಲೇ ಓಡಿಹೋಗಿ ನಮ್ಮ ಹೊಲದ ಬದಿಯಿಂದ ಒಂದು ರಾಗಿ ಪೈರು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ. ಮೂರು ದಿನ ಬರೆದೆ. ಬುಡದ ಬಿಳುಪು, ಎಲೆಯ ಮಡಿಕೆ, ಬೇರಿನ ಒಂದೊಂದು ಎಳೆ, ಯಾವುದನ್ನೂ ಬಿಡಲಿಲ್ಲ. ಅಂಥದ್ದನ್ನು ನಾನು ಆಮೇಲೆ ಎಂದೂ ಬರೆದಿಲ್ಲ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ನೀನು ರೊಟ್ಟಿ ಕಟ್ಟಿಕೊಂಡು ಬಂದಾಗ ಬಂಗಲೆಯ ಜಗಲಿಯಲ್ಲಿ ನಾನು, ಫಾತಿಮಾ ಇಬ್ಬರೇ ಇದ್ದೆವು. ಟೀಚರಮ್ಮ ಉಳಿದವರ ಜೊತೆ ಹಳ್ಳದ ಕಡೆ ಹೋಗಿದ್ದರು. ನೀನು ಹೊಲದಿಂದ ನೇರ ಬಂದಿದ್ದೆ, ಕೈ ಪೂರಾ ಕೆಸರು. ಹಲಗೆಯ ಮೇಲಿನ ಚಿತ್ರ ನೋಡಿದೆ. ನಿನ್ನ ಎರಡು ಬೆರಳು ಸುಮ್ಮನೆ ಹೋಗಿ ಆ ಗಿಡದ ಬುಡ ಹಿಡಿದವು. ಕೀಳುವುದಕ್ಕೆ!

"ಮುಟ್ಬೇಡ!" ಅಂದು ನಾನು ನಿನ್ನ ಕೈಗೆ ಹೊಡೆದೆ.

ಕಾಗದದ ಮೇಲೆ, ಗಿಡದ ಬುಡದಲ್ಲಿ, ನಿನ್ನ ಕೆಸರಿನ ಬೆರಳು ಮೂಡಿತ್ತು. ನೀನು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡು, "ಕಳೆ ಕಣ್ ಮಗ ಅದು. ರಾಗಿ ಬುಡ ಇಂಗೆ ಬೆಳ್ಳಗೆ ಚಪ್ಪಟೆ ಇರಕಿಲ್ಲ, ನೋಡು" ಅಂದೆ. ನಾನೇನಂದೆ? ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಹುಟ್ಟಿದಾಗ್ನಿಂದ ಕಳೆ ಕಿತ್ಕಂಡಿರೋಳಿಗೆ ಪಟ ಏನ್ ಗೊತ್ತಾತದೆ? ಎದ್ದೋಗು ಇಲ್ಲಿಂದ." ಫಾತಿಮಾ ತಲೆ ತಗ್ಗಿಸಿದಳು. ನೀನು ಸೆರಗಿಗೆ ಕೈ ಒರೆಸಿಕೊಂಡು, ರೊಟ್ಟಿಯ ಗಂಟನ್ನು ಮೆಟ್ಟಿಲ ಮೇಲಿಟ್ಟು, "ಆರೋಗೋಕ್ ಮುಂಚೆ ತಿನ್ನಿ ಇಬ್ರೂ" ಅಂದು ಹೋದೆ.

ಆ ಗುರುತನ್ನು ಬ್ರೆಡ್ಡಿನ ಮೆತ್ತನೆ ತಿರುಳಿನಿಂದ ಉಜ್ಜಿದೆ, ಟೀಚರಮ್ಮ ಹಾಗೆ ಅಳಿಸುವುದನ್ನು ಕಲಿಸಿದ್ದರು. ಅರ್ಧ ಹೋಯಿತು, ಅರ್ಧ ಉಳಿಯಿತು. ಸಂಜೆ ಅವರು ಬಂದು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಬುಡಕ್ಕೆ ಮಣ್ಣಿನ ನೆರಳು ಎಷ್ಟು ಹಿತವಾಗಿ ಕೊಟ್ಟಿದ್ದೀಯೆ!" ಅಂದರು. ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ 'ರಾಗಿ, ಎಳೆಯ ಪೈರು' ಅಂತ ಬರೆದರು. "ಪುಸ್ತಕಕ್ಕೆ ಇದೇ ಮೊದಲ ಚಿತ್ರ. ನಿಂಗಮ್ಮ, ನೀನಿನ್ನು ಹುಣಸೂರಿನಲ್ಲಿ ನನ್ನ ಮನೆಯಲ್ಲೇ ಇದ್ದು ಕಲಿ, ನಿಮ್ಮ ತಂದೆಗೆ ನಾನೇ ಹೇಳುತ್ತೇನೆ" ಅಂದರು. ರಾಗಿ ಮುದ್ದೆ ತಿಂದು ಬೆಳೆದವರೇ ಅವರೂ, ಆದರೆ ಹೊಲಕ್ಕಿಳಿದವರಲ್ಲ.

ಮಾರನೆಯ ಬೆಳಗ್ಗೆ ಬಂಗಲೆಯ ಮೆಟ್ಟಿಲ ಮೇಲೆ ಒಂದು ತೆಂಗಿನ ಚಿಪ್ಪು ಇತ್ತು. ಅದರಲ್ಲಿ ಒದ್ದೆ ಮಣ್ಣು, ಮಣ್ಣಿನಲ್ಲಿ ಎರಡು ಪೈರು, ಪಕ್ಕ ಪಕ್ಕ. ಒಂದು ರಾಗಿ, ಇನ್ನೊಂದು ನಾನು ಮೂರು ದಿನ ಕೂತು ಬರೆದ ಗಿಡ. ನೀನು ಜಗಳಕ್ಕೆ ಬರಲಿಲ್ಲ, ಯಾರಿಗೂ ಹೇಳಲಿಲ್ಲ. ಮಗಳು ನೋಡಿಕೊಳ್ಳಲಿ ಅಂತ ಇಟ್ಟು ಹೋಗಿದ್ದೆ. ನಾನು ಬಗ್ಗಿ ನೋಡಿದೆ, ಗೊತ್ತಾಯಿತು. ಕಳೆ ಕೀಳುವವಳ ಮಗಳು ರಾಗಿ ಅಂತ ಕಳೆಯನ್ನು ಕಿತ್ತುಕೊಂಡು ಬಂದಿದ್ದೆ! ಫಾತಿಮಾ ಹಿಂದೆ ಬಂದು ನಿಂತು ಮೆಲ್ಲಗೆ, "ಹೇಳಿಬಿಡು ನಿಂಗಿ" ಅಂದಳು. ಹೇಳಿದರೆ ಮೊದಲ ಚಿತ್ರ ಹೋಗುತ್ತಿತ್ತು, ಹುಣಸೂರು ಹೋಗುತ್ತಿತ್ತು, ಮಿರ್ಲೆಯ ಗಂಡು ಬರುತ್ತಿದ್ದ. ಚಿಪ್ಪನ್ನು ಎತ್ತಿ ಬಂಗಲೆಯ ಹಿಂದೆ ಇಟ್ಟೆ. ಮೂರನೆಯ ದಿನ ಎರಡೂ ಒಣಗಿದ್ದವು.

ಹುಣಸೂರಿನಿಂದ ಆ ವರ್ಷ ಎರಡು ಹಬ್ಬಕ್ಕೆ ಮನೆಗೆ ಬಂದೆ. ಎರಡು ಸಲವೂ ಹೇಳಬೇಕೆಂದೇ ನಿನ್ನ ಪಕ್ಕ ಬಂದು ಕೂತೆ. "ವಟ್ಟೆ ತುಂಬ ಉಣ್ತೀಯಾ ಮಗ? ಸೊರಗೋಗಿದ್ದೀಯ" ಅನ್ನುವುದು ಬಿಟ್ಟು ನೀನು ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಯಾಕೆ ಕೇಳಲಿಲ್ಲ ಅವ್ವಾ? ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಚಳಿಜ್ವರ ನಿನ್ನನ್ನು ಹಿಡಿಯಿತು. ಸುದ್ದಿ ತಿಳಿದು ನಾನು ಹುಣಸೂರಿನಿಂದ ಗಾಡಿ ಕಟ್ಟಿಕೊಂಡು ನಾಲ್ಕು ಹರದಾರಿ ಬರುವಷ್ಟರಲ್ಲಿ ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದರು.

ಅಲ್ಲಿಂದ ಈಚೆಗೆ ಮುಂಜಾವದಲ್ಲಿ ಒಂದೇ ಕನಸು. ಹೊಲ ಪೂರ್ತಿ ಒದ್ದೆ ಕಾಗದ. ನೀನು ಮುಂದೆ ಮುಂದೆ ಕಳೆ ಕೀಳುತ್ತಾ ಹೋಗುತ್ತೀಯ, ನೀನು ಕಿತ್ತ ಕಡೆಯೆಲ್ಲ ಬಿಳಿ ಉಳಿಯುತ್ತದೆ. ನಾನು ಕೂಗುತ್ತೇನೆ, ನನ್ನ ಸಾಲು ಹಿಂದೆ ಬಿದ್ದಿದೆ. ನೀನು ತಿರುಗುವುದಿಲ್ಲ, ಆದರೆ ನನ್ನ ಸಾಲಿಗೂ ನಿನ್ನ ಕೈ ಬರುತ್ತದೆ. ಎದ್ದಾಗ ದಿಂಬು ಒದ್ದೆ.

ಹೋದ ಸಂಕ್ರಾಂತಿಯ ಹೊತ್ತಿಗೆ ಟೀಚರಮ್ಮನ ಕಣ್ಣಿಗೆ ಪೊರೆ ಬಂದು, "ಇನ್ನು ಕ್ಯಾಂಪು ನೀನೇ ನಡೆಸಮ್ಮ" ಅಂದರು. ಪುಸ್ತಕ ಅಚ್ಚಾಗಲೇ ಇಲ್ಲ. ಆ ಚಿತ್ರ ಮಾತ್ರ ಚೌಕಟ್ಟಿನಲ್ಲಿ ಅವರ ನಡುಮನೆಯಲ್ಲಿ ಇತ್ತು, ಅದನ್ನು ಇಳಿಸಿ ನನ್ನ ಕೈಗಿಟ್ಟರು. ತೆಗೆದುಕೊಳ್ಳಲಾಗಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮುಟ್ಬೇಡ ಅಂದಿದ್ದು, ಹೊಡೆದದ್ದು, ಚಿಪ್ಪು, ಅವರು ಹೊಗಳಿದ ಮಣ್ಣಿನ ನೆರಳು ಯಾರದು ಅನ್ನುವುದು. ಅವರು ಭೂತಗನ್ನಡಿ ತರಿಸಿ ಬುಡದ ಹತ್ತಿರ ಬಹಳ ಹೊತ್ತು ನೋಡಿದರು. "ನಿನ್ನ ಕೈ ಕಂಡದ್ದನ್ನೇ ಬರೆದಿದೆ, ಹೆಸರು ಬರೆದ ನನ್ನ ಕೈ ತಪ್ಪಿತು" ಅಂದರು. ಆಮೇಲೆ, "ನನಗೆ ಹೇಳದಿದ್ದರೆ ಹೋಗಲಿ, ಆಕೆಗೆ ಯಾಕೆ ಹೇಳಲಿಲ್ಲವೇ?" ಅಂದರು. ಅವರೇ 'ರಾಗಿ' ಅನ್ನುವುದನ್ನು ಹೊಡೆದುಹಾಕಿ 'ಕಳೆ' ಅಂತ ಬರೆದರು. ಬೆರಳಿನ ಗುರುತು ಹಾಗೇ ಇದೆ.

ಈ ಶ್ರಾವಣದ ಸುದ್ದಿ ಕೇಳು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಆರು ಹುಡುಗಿಯರನ್ನು ಕರೆದುಕೊಂಡು ಹುಣಸೂರಿನಿಂದ ಬಂದೆ, ಫಾತಿಮಾಳ ಮಗಳೂ ಒಬ್ಬಳು. ಲಡಾಯಿಯಿಂದಾಗಿ ವಿಲಾಯಿತಿ ಬಣ್ಣ ಬರುವುದು ನಿಂತಿದೆ, ಇದ್ದ ಬಿಲ್ಲೆಗಳನ್ನೇ ಉಗುರಿನಷ್ಟು ಉಗುರಿನಷ್ಟು ಹಂಚಿದೆ. ಮೊದಲ ದಿನ ಕುಂಚ ಕೊಡಲಿಲ್ಲ. ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಕೊಟ್ಟು ಕಳೆ ಕೀಳಿಸಿದೆ. ಅರ್ಧ ರಾಗಿಯನ್ನೇ ಕಿತ್ತರು, ಈಗ ಹೊಲ ನೋಡಿಕೊಳ್ಳುವ ನನ್ನ ತಮ್ಮ ತಲೆ ಚಚ್ಚಿಕೊಂಡ!

ಆಮೇಲೆ ಒಂದು ತೆಂಗಿನ ಚಿಪ್ಪಿನಲ್ಲಿ ಎರಡು ಪೈರು ಇಟ್ಟುಕೊಂಡು ಜಗಲಿಯಲ್ಲಿ ಕೂತು ಬರೆದೆ. ಪಕ್ಕ ಪಕ್ಕ, ನೀನು ಇಟ್ಟಿದ್ದ ಹಾಗೆಯೇ. ಐದು ದಿನ ಹಿಡಿಯಿತು. ಕೆಳಗೆ ಯಾವ ಹೆಸರೂ ಬರೆಯಲಿಲ್ಲ. ಇದು ನಿನಗೆ ಬರೆದದ್ದು, ಸರಿಯಿದೆಯೋ ಇಲ್ಲವೋ ಹೇಳಬೇಕಾದವಳು ನೀನು. ನೀನಿಲ್ಲದೆ ಯಾರಿಗೆ ತೋರಿಸಲಿ ಅಂದುಕೊಳ್ಳುತ್ತಿದ್ದೆ.

ನಿನ್ನೆ ಬೆಳಗ್ಗೆ ಕೆಂಪಮ್ಮ ಬಂದಳು. ಬೆನ್ನು ಪೂರ್ತಿ ಬಾಗಿದೆ, ಕೈಯಲ್ಲಿ ಕೋಲು, ಆದರೂ ಹೊಲದಿಂದಲೇ ಬಂದಿದ್ದಳು, ಕೈ ತುಂಬ ಕೆಸರು. "ಏನ್ ಬರ್ದಿದ್ದೀಯವ್ವ, ನೋಡುವಾ" ಅಂದು ಹಲಗೆಯ ಮೇಲೆ ಬಗ್ಗಿದಳು. ಬಣ್ಣ ಇನ್ನೂ ಹಸಿ. ಎರಡು ಬೆರಳು ಎದ್ದು, ರಾಗಿಯನ್ನು ಬಿಟ್ಟು, ಅದರ ಪಕ್ಕದ ಗಿಡದ ಬುಡಕ್ಕೆ ಹೋದವು. ಹುಡುಗಿಯರೆಲ್ಲ ಒಟ್ಟಿಗೆ "ಅಯ್ಯೋ" ಅಂದರು. ಕೆಂಪಮ್ಮ ಬೆಚ್ಚಿ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು.

ಮುಟ್ಟು ಕೆಂಪಮ್ಮ, ಅಂದೆ.