ನಾನು ತೆಗೆದುಕೊಳ್ಳದ ವ್ರತ

ಏಕಸಂಬಿ
2 ಮಾರ್ಚ್ 2014

ತಮ್ಮ ಭಾವುಸಾಹೇಬನಿಗೆ ಅಕ್ಕ ಚಂದ್ರಮತಿಯ ಜಯ ಜಿನೇಂದ್ರ.

ಹೋದ ಸೆಪ್ಟೆಂಬರ್ ಹದಿಮೂರರಂದು, ದಶಲಕ್ಷಣ ಪರ್ವದ ನಡುವೆ, ನೀನು ಬಸದಿಯಲ್ಲಿ ಎದ್ದು ನಿಂತು, "ನಮ್ಮಕ್ಕ ಸಲ್ಲೇಖನ ಹಿಡದಾಳ, ಅನ್ನ ನೀರು ಬಿಟ್ಟಾಳ" ಎಂದು ಎಲ್ಲರೆದುರು ಹೇಳಿದೆ. ಸಾಯುವ ತನಕ ಉಪವಾಸವಿರುವ ಯಾವ ವ್ರತವನ್ನೂ ನಾನು ಹಿಡಿದಿರಲಿಲ್ಲ. ಲಕ್ವಾ ಹೊಡೆದು ನನಗೆ ನುಂಗಲು ಬಾರದಾಗಿತ್ತು.

ಮಿರಜಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನವೇ ಗಂಜಿ ಹಾಕುವ ಮೂಗಿನ ನಳಿಕೆ ಜಾರಿ ಹೊರಬಂತು. ಚಮಚದಲ್ಲಿ ನೀರು ಹಾಕಿದರೆ ಕೆಮ್ಮು ಬಂದು ಉಸಿರು ಕಟ್ಟುತ್ತಿತ್ತು. ಆ ಹೆದರಿಕೆಗೆ ಮುಖ ತಿರುಗಿಸಿದೆ. ನೀನು ಅದನ್ನೇ ತ್ಯಾಗ ಎಂದುಕೊಂಡೆ. ಬಲಮೈ ಸತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ಆದರೆ ಕಿವಿ, ಕಣ್ಣು, ಬುದ್ಧಿ ಎಲ್ಲ ಇದ್ದವು. ದರ್ಶನಕ್ಕೆಂದು ಜನ ಬರತೊಡಗಿದರು. ಣಮೋಕಾರ ಮಂತ್ರ ಹೇಳುತ್ತ ಹೆಂಗಸರು ನನ್ನ ಕಾಲಿಗೆ ಹಣೆ ಹಚ್ಚಿದರು. ಎಡಗಾಲಿಗೆ ಹಚ್ಚಿದರೆ ತಿಳಿಯುತ್ತಿತ್ತು, ಬಲಗಾಲಿಗೆ ಹಚ್ಚಿದರೆ ಇಲ್ಲ. ಎರಡು ದಿನ ಹಾಗೆ ಬಿದ್ದಿದ್ದೆ. ಬಾಯಾರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಂದವರು ಎದುರಿಗೇ ನೀರು ಕುಡಿದು, ನನ್ನ ಪುಣ್ಯ ಹೊಗಳಿ ಹೋಗುತ್ತಿದ್ದರು.

ಸಲ್ಲೇಖನ ಏನೆಂಬುದು ನನಗೆ ಗೊತ್ತಿಲ್ಲವೇ? ಮೂವತ್ತು ವರ್ಷ ಗ್ರಂಥಾಲಯ ನಡೆಸಿದವಳು ನಾನು, ಓದಿದ್ದೇನೆ. ಓದುವ ಮೊದಲೇ ಕಣ್ಣಾರೆ ನೋಡಿದ್ದೇನೆ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ನಮ್ಮ ಅಜ್ಜಿ ಮುನಿಗಳ ಎದುರು ಕೈಮುಗಿದು ಕೂತು ತನ್ನ ಬಾಯಿಂದಲೇ ಕೇಳಿದಳು. ಎರಡು ಸಲ ಅವರು ಒಪ್ಪಲಿಲ್ಲ. ಮೂರನೆಯ ಸಲ ಅವಳು ಮನೆಯವರೆಲ್ಲರ ಕ್ಷಮೆ ಬೇಡಿ, ಎಲ್ಲರೂ ಒಪ್ಪಿದ ಮೇಲೆ ಮುನಿಗಳು ವ್ರತ ಕೊಟ್ಟರು. ನೀನು ಆಗ ಒಂಬತ್ತು ವರ್ಷದವನು, ಅಲ್ಲೇ ಇದ್ದೆ. ನನ್ನನ್ನು ಕೇಳಿದವರು ಯಾರು? ಯಾವ ಮುನಿಗಳೂ ನಮ್ಮ ಮನೆಗೆ ಬಂದಿರಲಿಲ್ಲ. "ಅಕ್ಕನ ಮನಸಿನಾಗ ಐತಿ, ನನಗ ಗೊತ್ತೈತಿ" ಎಂದು ನೀನೇ ಎಲ್ಲರಿಗೂ ಉತ್ತರ ಕೊಟ್ಟೆ.

ನನ್ನ ಕಣ್ಣನ್ನು ನೋಡಿದವಳು ಸೊಸೆ ಪೂನಮ. ನಿನ್ನನ್ನು ಕೇಳದೆ ಚಿಕ್ಕೋಡಿಯಿಂದ ಫಿಜಿಯೋಥೆರಪಿಯ ನೀಲಮಳನ್ನು ಕರೆಸಿದಳು. ಆ ಹುಡುಗಿ ನನ್ನ ಗಂಟಲ ಮೇಲೆ ಬೆರಳಿಟ್ಟು ನೋಡಿ, "ಇದು ವ್ರತ ಅಲ್ರಿ ಕಾಕಾ, ಇವರಿಗೆ ನುಂಗಾಕ ಬರವಲ್ದು" ಎಂದು ನಿನಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾರ, ನೀರು ಬೇಕಂದ್ರ ಎರಡು ಸರ್ತಿ ಕಣ್ಣು ಮುಚ್ಚರಿ" ಎಂದಳು. ನಾನು ಎಷ್ಟು ಸಲ ಮುಚ್ಚಿದೆನೋ ಏನೋ, ಕೊನೆಗೆ ಅವಳೇ "ಸಾಕ್ರಿ, ಗೊತ್ತಾತು" ಎನ್ನಬೇಕಾಯಿತು. ಅವತ್ತೇ ಮತ್ತೆ ಮಿರಜಿಗೆ ಒಯ್ದರು.

ಅಂದಿನಿಂದ ನೀನು ನಮ್ಮ ಹೊಸ್ತಿಲು ತುಳಿದಿಲ್ಲ. ಆದ್ದರಿಂದ ಹೇಳುತ್ತೇನೆ. ಗದ್ದ ಎದೆಗೆ ಒತ್ತಿ ಗಟ್ಟಿ ಗಂಜಿಯನ್ನು ನುಂಗಲು ಕಲಿತೆ. ಮೊದಲ ಚಮಚ ಇಳಿಯಲು ಹದಿನೈದು ದಿನ ಹಿಡಿಯಿತು. ಮಾತು ಬಾರದೆ ಅಳುತ್ತಿದ್ದರೆ ನೀಲಮ, "ಲೈಬ್ರರ್ಯಾಗ ಊರಮಂದೀನೆಲ್ಲ ಸುಮ್ಮನ ಕುಂಡ್ರಿಸಿದ್ರಿ, ಈಗ ನಿಮ್ಮ ನಾಲಿಗೀನೂ ಸುಮ್ಮನ ಕುಂತೈತಿ. ಎಬ್ಬಸ್ರಿ ಅದನ್ನ!" ಎಂದು ಕಾಡುತ್ತಿದ್ದಳು. ಈಗ ಕೋಲು ಹಿಡಿದು ಅಂಗಳ ದಾಟುತ್ತೇನೆ. ಈ ಕಾಗದವನ್ನು ಎಡಗೈಯಲ್ಲಿ ಬರೆಯಲು ಆರು ದಿನ ಬೇಕಾಯಿತು.

ಹಾಲಿನ ಡೇರಿಯ ತನಕ ಮೊದಲ ಸಲ ನಡೆದು ಹೋದ ದಿನ ನನ್ನ ಬೆನ್ನ ಹಿಂದೆ ಕೇಳಿದ ಮಾತು: "ಏನ್ ಮಾಡೂದ್ ಬೇ, ಹಸಿವು ತಡೀಲಿಲ್ಲ ಅಕಿಗೆ. ವ್ರತ ಮುರದ್ಲು." ನಾಚಿಕೆಯನ್ನು ನುಂಗಿಕೊಂಡೇನು. ಹೆದರಿಕೆಯನ್ನು ಏನು ಮಾಡಲಿ? ಎರಡನೆಯ ಹೊಡೆತ ಬರಬಹುದು ಎಂದು ಡಾಕ್ಟರರು ಹೇಳಿದ್ದಾರೆ. ದಿನಾ ಬೆಳಗ್ಗೆ ಕಣ್ಣು ತೆರೆಯುವ ಮೊದಲೇ ಪೂನಮಳನ್ನು ಕೂಗುತ್ತೇನೆ. "ಏನ್ರೀ ಅತ್ತಿ?" ಎಂದು ಓಡಿ ಬರುತ್ತಾಳೆ. "ಏನಿಲ್ಲ, ನಾಲಿಗಿ ಐತೋ ಇಲ್ಲೋ ನೋಡಿದ್ನಿ" ಎನ್ನುತ್ತೇನೆ. ಅದು ಇನ್ನೊಮ್ಮೆ ಬಿದ್ದರೆ ಊರು ಏನನ್ನುತ್ತದೆ? ಮುರಿದ ವ್ರತವನ್ನು ಪೂರ್ತಿ ಮಾಡುತ್ತಿದ್ದಾಳೆ ಎನ್ನುತ್ತದೆ. ಆಗ ಪೂನಮಳ ಮಾತನ್ನು ಯಾರೂ ಕೇಳುವುದಿಲ್ಲ.

ಮಹಾವೀರ ಜಯಂತಿಗೆ ನಾನು ಬಸದಿಗೆ ಬರುತ್ತೇನೆ. ಅಲ್ಲಿಯ ಐದು ಮೆಟ್ಟಿಲಿಗಾಗಿ ನೀಲಮ ದಿನಾ ಇಟ್ಟಿಗೆಯ ಮೇಲೆ ಕಾಲಿಡಿಸುತ್ತಿದ್ದಾಳೆ. ಅವತ್ತು ಎದ್ದು ನಿಂತ ಜಾಗದಲ್ಲೇ ನೀನು ಎದ್ದು ನಿಲ್ಲಬೇಕು.

ನಿನ್ನ ಅಕ್ಕ,
ಚಂದ್ರಮತಿ

ತಾ.ಕ.: ಇದನ್ನು ಪೂನಮಳಿಗೂ ಹೇಳಿಲ್ಲ. ಆ ದಿನ ಬಸದಿಗೆ ಹೋಗುವ ಮುಂಚೆ ನೀನು ಬಾಗಿಲು ಮುಂದೆ ಮಾಡಿ, ನನ್ನ ತಲೆಯ ಹತ್ತಿರ ಕೂತು ಅತ್ತೆ. "ನಿನ್ನ ಹಿಂಗ ನೋಡಾಕ ನನ್ನ ಕಡಿಂದ ಆಗವಲ್ದು. ಹೋಗಿಬಿಡಬೇ ಅಕ್ಕಾ" ಎಂದೆ. ನನಗೆ ಕೇಳಿಸದು ಎಂದು ನೀನು ತಿಳಿದಿದ್ದೆ. ಕೇಳಿಸಿತು. ನೀನು ಆಗ ಆಡಿದ ನಿಜವಾದ ಮಾತು ಅದೊಂದೇ. ಅದನ್ನೇ ಎಲ್ಲರೆದುರು ಹೇಳು. ನನಗೆ ನುಂಗಲಾಗುತ್ತಿರಲಿಲ್ಲ, ನಿನಗೆ ನೋಡಲಾಗುತ್ತಿರಲಿಲ್ಲ ಎಂದು ಹೇಳು. ಇಲ್ಲವಾದರೆ, ನಾನು ಯಾವಾಗ, ಯಾರ ಮುಂದೆ ಒಪ್ಪಿಗೆ ಕೊಟ್ಟೆ ಎಂಬುದನ್ನು ಅಲ್ಲೇ ನಿಂತು ಹೇಳು, ಭಾವುಸಾಹೇಬ. ಆ ಉತ್ತರವನ್ನು ಊರೆಲ್ಲ ಕೇಳಬೇಕು.